ಅಂಗನವಾಡಿ ಜಗಲಿಗೆ ಕಾವಿ ಕಲೆ: ಮೂರು ಮಳೆಗಾಲ ದಾಟಿದ ಗೋಡೆಯ ಕಥೆ

ಅಂಗನವಾಡಿಯೊಂದರ ಜಗಲಿಯ ಗೋಡೆಗೆ ನಾನು ಕಾವಿ ಚಿತ್ರ ಮಾಡಿದ್ದೆ. ಸುಣ್ಣದ ಬಿಳಿ ಗಾರೆಯ ಮೇಲೆ ಹುರಮಂಜು ಎಂಬ ಕೆಮ್ಮಣ್ಣಿನ ಪದರ ಎಳೆದು, ಒಳಗಿನ ಬಿಳಿ ಕಾಣುವಂತೆ ಕೆತ್ತುವ ಕಲೆ ಅದು. ಈ ಅಕ್ಟೋಬರಿಗೆ ಆ ಗೋಡೆ ಮೂರು ಮಳೆಗಾಲ ದಾಟಿತು. ಮೊನ್ನೆ ಹೋಗಿ ಮೇಲಿಂದ ಕೆಳಗಿನವರೆಗೆ ಕೈಯಾಡಿಸಿ ಬಂದೆ. ಒಂದು ಚಕ್ಕೆ ಎದ್ದಿಲ್ಲ. ಉಪ್ಪು ಹೂ ಬಿಟ್ಟಿಲ್ಲ. ಕೆಂಪು ಹಚ್ಚಿದ ದಿನ ಇದ್ದದ್ದಕ್ಕಿಂತ ಈಗಲೇ ಗಟ್ಟಿಯಾಗಿ ನಿಂತಿದೆ. ‘ಸುಣ್ಣದ ಕೆಲಸ ನಮ್ಮ ಮಳೆಗೆ ಒಂದು ವರ್ಷವೂ ತಡೆಯೂದಿಲ್ಲ’ ಎಂದು ಹೇಳಿದ್ದ ಗೌಂಡಿ ಈ ವರ್ಷ ತನ್ನ ಅಣ್ಣನ ಮನೆಯ ಜಗಲಿಗೂ ಇದನ್ನೇ ಮಾಡಿಕೊಡಿ ಎಂದು ಕೇಳಿದ್ದಾನೆ. ಅದಕ್ಕೇ ಬರೆಯಲು ಕೂತೆ.

ನಾನು ಕುಮಟಾ ಕಡೆಯವ. ಮೊದಲು ಬೋರ್ಡ್ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದು ಆ ಕೆಲಸ ಕೈಬಿಟ್ಟ ಮೇಲೆ ಗೋಡೆಗೆ ಬಂದೆ. ಶಾಲೆ, ಅಂಗನವಾಡಿ, ಬಾಲವನ ಅಂತ ಇಪ್ಪತ್ತೈದು ಮೂವತ್ತು ಗೋಡೆ ಬರೆದಿರಬಹುದು. ಈ ಕೆಲಸ ಮಾಡುವವರಿಗೆ ಪ್ರೈಮರ್ ಯಾವುದು, ಬ್ರಷ್ ಯಾವುದು ಅಂತ ಹೇಳಬೇಕಾಗಿಲ್ಲ, ಅದನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಇದೇ ಗೋಡೆಗೆ ನಾನು 2021ರ ಡಿಸೆಂಬರಿನಲ್ಲಿ ಎಮಲ್ಷನ್ ಬಣ್ಣದಲ್ಲಿ ಚಿತ್ರ ಬರೆದಿದ್ದೆ. ಪಶ್ಚಿಮಕ್ಕೆ ಮುಖ ಮಾಡಿದ ಜಗಲಿ, ಅಗಲ 18 ಅಡಿ, ಎತ್ತರ 7 ಅಡಿ, ಮೇಲೆ ತಗಡಿನ ಮಾಡು. ಒಳಗೆ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಹೊರಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಯಾರೋ ನಾಲ್ಕಡಿ ಎತ್ತರಕ್ಕೆ ಆಯಿಲ್ ಪೇಂಟ್ ಬಳಿದಿದ್ದರು. ಉಜ್ಜಿದೆ, ಪುಟ್ಟಿ ಕೊಟ್ಟೆ, ಪ್ರೈಮರ್ ಕೊಟ್ಟೆ, ಎರಡು ಕೋಟ್ ಬೇಸ್, ಮೇಲೆ ಚಿತ್ರ. ಮೊಲ, ಆನೆ, ರೈಲು, ಕಾಮನಬಿಲ್ಲು. ಉದ್ಘಾಟನೆಯ ದಿನ ಎಲ್ಲರೂ ಹೊಗಳಿದರು. ಒಪ್ಪಿಕೊಂಡದ್ದು 14,000, ಕೈಗೆ ಬಂದದ್ದು 10,000. ಉಳಿದ ನಾಲ್ಕು ಸಾವಿರ ಮಳೆ ಮುಗಿದ ಮೇಲೆ ಎಂದರು.

ಜುಲೈ ಎರಡನೇ ವಾರ ಟೀಚರ್ ಫೋನ್ ಮಾಡಿದರು. ಹೋಗಿ ನೋಡಿದರೆ ಆನೆಯ ಹೊಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ಗುಳ್ಳೆ. ಒತ್ತಿದೆ, ಒಡೆದು ನೀರು ಸೋರಿತು. ಅದರ ಹಿಂದೆ ಪುಟ್ಟಿ ಹಿಟ್ಟಿನ ಹಾಗೆ ಆಗಿತ್ತು. ಆಗಸ್ಟಿಗೆ ಕೆಳಗಿನ ಮೂರಡಿ ಪೂರ್ತಿ ಹಾಳೆ ಹಾಳೆಯಾಗಿ ಎದ್ದು ಬಂತು. ಮಕ್ಕಳು ಸುಮ್ಮನಿರುತ್ತಾರೆಯೇ? ಸುಲಿದು ಸುಲಿದು ಬಾಯಿಗೂ ಹಾಕಿಕೊಂಡರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾದದ್ದು ಆಗ. ನಾನು ಹಚ್ಚಿದ ಬಣ್ಣದ ಡಬ್ಬಿಯ ಮೇಲೆ ಸೀಸ ಇಲ್ಲ ಎಂದೇ ಬರೆದಿತ್ತು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದೆಂದು 2016ರಲ್ಲೇ ನಿಯಮ ಆಗಿದೆ. ಆದರೆ ಅದರ ಕೆಳಗಿದ್ದ ಹಳೆಯ ಹಳದಿ ಆಯಿಲ್ ಪೇಂಟ್ ಯಾವ ಕಾಲದ್ದು, ಏನಿತ್ತು ಅದರಲ್ಲಿ, ಯಾರಿಗೆ ಗೊತ್ತು? ನಾನು ಅದನ್ನು ಪೂರ್ತಿ ಕೆತ್ತಿ ತೆಗೆಯದೆ ಮೇಲಿಂದ ಮೇಲೆ ಬಳಿದಿದ್ದೆ. ತಪ್ಪು ನನ್ನದೇ. ಆ ನಾಲ್ಕು ಸಾವಿರವನ್ನು ಮತ್ತೆ ಕೇಳಲೂ ಇಲ್ಲ.

ಅಂಗಡಿಯವರು ಡ್ಯಾಂಪ್ ಪ್ರೂಫ್ ಕೋಟಿಂಗ್ ಹಾಕಿ ಅಂದರು. ಅದನ್ನೂ ಬೇರೊಂದು ಶಾಲೆಯಲ್ಲಿ ಹಾಕಿ ನೋಡಿದ್ದೆ. ನೆಲದಿಂದ ಏರುವ ತೇವಕ್ಕೆ ಮುಂದೆ ದಾರಿ ಮುಚ್ಚಿದರೆ ಅದು ಇನ್ನೂ ಒಂದಡಿ ಮೇಲೆ ಹೋಗಿ ಅಲ್ಲಿ ಒಡೆಯುತ್ತದೆ, ಅಷ್ಟೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಚಿರೆಕಲ್ಲಿನ ಗೋಡೆ ನೀರು ಕುಡಿಯದೆ ಇರಲಾರದು. ಕುಡಿದದ್ದನ್ನು ಬಿಡಲು ಅದಕ್ಕೆ ಜಾಗ ಬೇಕು.

ಆಗ ನೆನಪಾದದ್ದು ಅಜ್ಜಿಯ ತವರಿನ ದೇವಸ್ಥಾನ. ಹೊರಗೋಡೆಯ ಮೇಲೆ ಕೆಂಪು ಬಿಳುಪಿನ ಕಾವಿ ಚಿತ್ರ, ಹೂಬಳ್ಳಿ, ಗಂಡಭೇರುಂಡ, ದ್ವಾರಪಾಲಕರು. ನಾನು ಚಿಕ್ಕವನಿದ್ದಾಗಲೇ ಅದಕ್ಕೆ ನೂರು ವರ್ಷ ಆಗಿದೆ ಎನ್ನುತ್ತಿದ್ದರು. ಜೀರ್ಣೋದ್ಧಾರದಲ್ಲಿ ಅದರ ಮೇಲೆ ಟೈಲ್ಸ್ ಕೂತಿತು. ಗೋವಾದಿಂದ ನಮ್ಮ ಜಿಲ್ಲೆಯವರೆಗೆ ಎಷ್ಟೋ ಕಡೆ ಹೀಗೇ ಆಗಿದೆ. ಹೊನ್ನಾವರದ ಲೇಖಕ ಕೃಷ್ಣಾನಂದ ಕಾಮತರು ಆ ಕಾಲದಲ್ಲಿ ಊರೂರು ತಿರುಗಿ ಈ ಕಲೆಯನ್ನು ದಾಖಲು ಮಾಡಿ ಇಡದಿದ್ದರೆ ನಮ್ಮಂಥವರಿಗೆ ಹೆಸರೂ ಉಳಿಯುತ್ತಿರಲಿಲ್ಲ. ನನಗೆ ಹೊಳೆದದ್ದು ಇಷ್ಟೇ: ಅಷ್ಟು ಮಳೆಗಾಲ ತಡೆದ ಕೆಲಸ ಅಂಗನವಾಡಿಯ ಜಗಲಿಯಲ್ಲಿ ಯಾಕೆ ತಡೆಯಬಾರದು? ದ್ವಾರಪಾಲಕರ ಬದಲು ಏಡಿ, ಮೀನು ಕೆತ್ತಿದರಾಯಿತು.

ಊರ ಯುವಕರ ಸಂಘದವರ ಮುಂದೆ ಹೇಳಿದಾಗ ಯಾರಿಗೂ ಮನಸ್ಸಿಲ್ಲ. ಬರೀ ಕೆಂಪು ಬಿಳುಪು ಮಕ್ಕಳಿಗೆ ಹಿಡಿಸುತ್ತದೆಯೇ ಎಂದು ಒಬ್ಬರು, ಸುಣ್ಣ ಮಕ್ಕಳ ಅಂಗಿಗೆ ಹತ್ತುತ್ತದೆ ಎಂದು ಇನ್ನೊಬ್ಬರು. ಕೊನೆಗೆ 15,000 ಕೊಡುತ್ತೇವೆ, ಹೋದರೆ ನಿನ್ನ ಹೆಸರಿಗೆ ಎಂದರು. ಒಪ್ಪಿದೆ.

ಮೊದಲು ಮನೆಯ ಹಿಂದಿನ ಬಚ್ಚಲ ಗೋಡೆಯಲ್ಲಿ ನಾಲ್ಕು ಪಟ್ಟಿ ಮಾಡಿ ನೋಡಿದೆ. ನಾಲ್ಕೂ ಹಾಳಾದವು. ಆ ನಾಲ್ಕನ್ನು ಹೇಳುವುದೇ ನಿಮಗೆ ಹೆಚ್ಚು ಉಪಯೋಗ.

ಮೊದಲನೆಯದರಲ್ಲಿ ಪ್ಯಾಕೆಟ್ ಸುಣ್ಣ ತಂದು ಒಂದೇ ರಾತ್ರಿ ನೆನೆಸಿ ಹಚ್ಚಿದೆ. ಒಣಗಿದಾಗ ಚಂದ ಕಂಡಿತು. ಮೂರು ವಾರಕ್ಕೆ ಅಲ್ಲಲ್ಲಿ ಟಪ್ ಟಪ್ ಅಂತ ಸಿಡಿದು ಕಡಲೆಕಾಳಿನಷ್ಟು ಗುಳಿ ಬಿದ್ದವು. ನೀರಿನಲ್ಲಿ ಅರಳದೆ ಉಳಿದ ಸುಣ್ಣದ ಹರಳು ಗೋಡೆಯೊಳಗೆ ಅರಳಿ ಉಬ್ಬಿದರೆ ಹೀಗೇ ಆಗುವುದು. ಎರಡನೆಯದಕ್ಕೆ ಮರಳು ಚೆನ್ನಾಗಿಯೇ ಇತ್ತು, ಆದರೆ ಅಳಿವೆ ಬದಿಯದು, ಅಂದರೆ ಹೊಳೆ ಸಮುದ್ರ ಸೇರುವ ಕಡೆಯದು. ತಿಂಗಳೊಳಗೆ ಕೆಂಪಿನ ಮೇಲೆ ಬಿಳಿ ಉಪ್ಪು ಕೂತಿತು. ಮೂರನೆಯದು ಏಕೋ ಬೂದು ಬಣ್ಣಕ್ಕೆ ತಿರುಗಿ, ಕೆತ್ತಲು ಹೋದರೆ ಕಬ್ಬಿಣದ ಹಾಗೆ. ಕೇಳಿದರೆ ಗೌಂಡಿ, ಗಟ್ಟಿಯಾಗಲಿ ಅಂತ ಎರಡು ಮುಷ್ಟಿ ಸಿಮೆಂಟ್ ಹಾಕಿದೆ ಅಂದ. ಪ್ರೀತಿಯಿಂದಲೇ ಹಾಕಿದ್ದ ಪಾಪ. ಅವತ್ತಿನಿಂದ ಕಲಸುವಾಗ ನಾನು ಅಲ್ಲಿಂದ ಕದಲುವುದಿಲ್ಲ. ನಾಲ್ಕನೆಯದನ್ನು ಎಲ್ಲ ಸರಿಯಾಗಿ ಮಾಡಿ, ಮಾರ್ಚ್ ಬಿಸಿಲಿಗೆ ಬಿಟ್ಟೆ. ಒಂದೇ ಮಧ್ಯಾಹ್ನಕ್ಕೆ ಜೇಡರ ಬಲೆಯಂತೆ ಬಿರುಕು, ಬೆರಳು ಆಡಿಸಿದರೆ ಪುಡಿ. ಕಾವಿ ಕೆಲಸಕ್ಕೆ ನಮ್ಮಲ್ಲಿ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಾತ್ರ ಕಾಲ. ಆಮೇಲೆ ಯಾರು ಕರೆದರೂ ಹೋಗುವುದಿಲ್ಲ.

ಸುಣ್ಣ ಚಿಪ್ಪಿನದೇ ಬೇಕು. ಅಘನಾಶಿನಿ ಅಳಿವೆಯಲ್ಲಿ ಬಳಚು (ತಿನ್ನುವ ಚಿಪ್ಪು) ತೆಗೆಯುವವರ ಊರುಗಳ ಹತ್ತಿರವೇ ನಾನು ಇರುವುದರಿಂದ ಅದು ನನಗೆ ಸುಲಭ. ಆರು ಚೀಲ ತಂದೆ, ಎಲ್ಲ ಸೇರಿ 2,500ರ ಆಸುಪಾಸು. ಡ್ರಮ್ಮಿನಲ್ಲಿ ನೀರು ಹಾಕಿ ಅರಳಿಸಿ, ಸೀರೆಬಟ್ಟೆಯಲ್ಲಿ ಸೋಸಿ, ಹೊಳೆಯ ಮರಳು, ಬೆಲ್ಲದ ನೀರು ಸೇರಿಸಿ ಹದಿನೈದು ದಿನ ಕೊಳೆಹಾಕಿದೆ. ಆಮೇಲೆ ಒನಕೆಯಲ್ಲಿ ಕುಟ್ಟಿಸಿದೆ. ಕುಟ್ಟಿ ಕುಟ್ಟಿ ಅದು ಮೇಣದ ಹಾಗೆ ಆಗಬೇಕು, ಕರಣೆ ಮೇಲೆತ್ತಿದರೆ ಜಾರದೆ ಹಿಡಿದುಕೊಳ್ಳಬೇಕು. ಬೆಲ್ಲ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ನಾನು ನಾಲ್ಕು ಪಟ್ಟಿ ಕಳೆದುಕೊಂಡು ಕಲಿತದ್ದು, ಇಲ್ಲಿ ಬರೆಯುವುದಿಲ್ಲ. ಹೆಚ್ಚಾದರೆ ಇರುವೆ ಬರುತ್ತದೆ, ಗೋಡೆ ಒಣಗುವುದಿಲ್ಲ, ಅಷ್ಟು ಹೇಳಬಲ್ಲೆ.

ಗೋಡೆಯನ್ನು ಈ ಸಲ ಕಲ್ಲು ಕಾಣುವವರೆಗೆ ಕೆತ್ತಿಸಿದೆ. ಹಳೆಯ ಬಣ್ಣದ ಚಕ್ಕೆ, ಧೂಳು ಒಂದೂ ಅಂಗಳದಲ್ಲಿ ಉಳಿಯದಂತೆ, ಕೆಳಗೆ ಟಾರ್ಪಾಲಿನ್ ಹಾಸಿ, ನೀರು ಚಿಮುಕಿಸಿ ಕೆತ್ತಿ, ಚೀಲಕ್ಕೆ ತುಂಬಿ ಸಾಗಿಸಿದೆವು. ಮಕ್ಕಳನ್ನು ಆ ಒಂದು ತಿಂಗಳು ಪಕ್ಕದ ಶಾಲೆಯ ಕೋಣೆಗೆ ಕಳಿಸಿದ್ದರು. ಇದರಲ್ಲಿ ರಾಜಿ ಬೇಡ. ಹಸಿ ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ನಾವೂ ಕನ್ನಡಕ ಹಾಕಿ, ಕೈಗೆ ತೆಂಗಿನೆಣ್ಣೆ ಹಚ್ಚಿ ಅದರ ಮೇಲೆ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡಿದ್ದು. ಒಮ್ಮೆ ಗಾಳಿ ಕುಡಿದು ಕಲ್ಲಾದ ಮೇಲೆ ಮಗು ನೆಕ್ಕಿದರೂ ಅದು ಚಿಪ್ಪು ನೆಕ್ಕಿದಂತೆಯೇ.

ತಳಕ್ಕೆ ಸುಣ್ಣ ಒಂದು ಮರಳು ಮೂರು, ಅದರ ಮೇಲೆ ಒಂದಕ್ಕೆ ಎರಡು, ಕೊನೆಯ ಬಿಳಿಗೆ ಸರಿಸಮ, ಅದೂ ನುಣುಪು ಮರಳು. ಬಿಳಿ ಎಳೆದ ಮೇಲೆ, ಅದು ಪೂರ್ತಿ ಆರುವ ಮೊದಲು, ಸುಣ್ಣದಲ್ಲಿ ಅರೆದ ಹುರಮಂಜಿನ ಪದರ, ದಪ್ಪ ಎರಡು ಮಿಲಿಮೀಟರು ಇದ್ದೀತು. ಎಂಟು ಹತ್ತು ಕೆಜಿ ಹುರಮಂಜು ಹೋಯಿತು. ಒಂದು ದಿನಕ್ಕೆ 12 ಚದರಡಿಗಿಂತ ಹೆಚ್ಚು ಎಳೆಯಬಾರದು. ಬೆಳಿಗ್ಗೆ ಏಳಕ್ಕೆ ಕೆಂಪು ಕೂತರೆ ಹತ್ತೂವರೆ ಹನ್ನೊಂದಕ್ಕೆ ಕೆತ್ತಲು ಬರುತ್ತದೆ. ಗುರುತು ಇದು: ಹೆಬ್ಬೆರಳು ಒತ್ತಿದರೆ ಬೆರಳಿಗೆ ಕೆಂಪು ಹತ್ತಬೇಕು, ಗೋಡೆಗೆ ಗುಳಿ ಬೀಳಬಾರದು. ಅದಕ್ಕೆ ಮೊದಲು ಕೆತ್ತಿದರೆ ಅಂಚು ಹರಿದು ಮೀಸೆ ಮೀಸೆಯಾಗುತ್ತದೆ, ಸಂಜೆ ನಾಲ್ಕರ ಮೇಲೆ ಕೆತ್ತಿದರೆ ಚಕ್ಕೆ ಹಾರುತ್ತದೆ. ಇವತ್ತಿನ ಪಟ್ಟಿಗೂ ನಾಳಿನ ಪಟ್ಟಿಗೂ ಕೂಡುವ ಗೆರೆ ಕಾಣದಂತೆ ಮಾಡಲು ದೋಣಿಯ ಅಂಚು, ಮರದ ಕಾಂಡ, ಇಂಥ ಕಡೆಯೇ ನಿಲ್ಲಿಸುತ್ತೇನೆ.

ಚಿತ್ರ ದಾಟಿಸಲು ನಮ್ಮ ಹಳೆಯ ಉಪಾಯವೇ. ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಇದ್ದಿಲ ಪುಡಿಯ ಪೊಟ್ಟಣ ತಟ್ಟುವುದು. ಮತ್ತೆ ಮತ್ತೆ ಬರುವ ಮೀನಿಗೆ ಮಾತ್ರ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಚ್ಚು ಕತ್ತರಿಸಿಕೊಂಡೆ. ಕೆತ್ತಲು ಬೆಲೆಬಾಳುವ ಉಪಕರಣ ಏನೂ ಬೇಡ. ಮುರಿದ ಕೊಡೆಯ ಕಡ್ಡಿಯನ್ನು ಕಲ್ಲಿನ ಮೇಲೆ ಮಸೆದು ಮೂರು ಬಗೆಯ ಮೊನೆ ಮಾಡಿಕೊಂಡೆ, ಅಗಲಕ್ಕೆ ಹ್ಯಾಕ್ಸಾ ಬ್ಲೇಡಿನ ತುಂಡು. ಹತ್ತು ಸಾವಿರದ ಸೆಟ್ ತಂದವರು ನನಗಿಂತ ಸಣ್ಣ ಗೆರೆ ಎಳೆದದ್ದನ್ನು ನಾನು ನೋಡಿಲ್ಲ.

ಏನು ಬರೆಯಬೇಕು ಎಂಬುದರಲ್ಲಿ ಮೊದಲ ಸಲದ ಇನ್ನೊಂದು ತಪ್ಪು ತಿಳಿಯಿತು. ಕೆಲಸ ಶುರು ಮಾಡುವ ಮುಂಚೆ ಒಂದು ಬೆಳಿಗ್ಗೆ ಮಕ್ಕಳ ಜೊತೆ ಜಗಲಿಯಲ್ಲಿ ನೆಲಕ್ಕೆ ಕೂತೆ. ಮೂರು ವರ್ಷದ ಮಗುವಿನ ಕಣ್ಣು ಮೂರಡಿಗೂ ಕೆಳಗೆ. ನಾನು ಮುತುವರ್ಜಿಯಿಂದ ಬರೆದಿದ್ದ ಕಾಮನಬಿಲ್ಲು, ರೈಲು ಎಲ್ಲ ಐದಡಿಯ ಮೇಲೆ, ಫೋಟೋ ತೆಗೆಯುವ ದೊಡ್ಡವರ ಮುಖದ ಎದುರು. ಈ ಸಲ ಒಂದೂವರೆ ಅಡಿಯಿಂದ ನಾಲ್ಕಡಿಯೊಳಗೆ ಮುಖ್ಯ ಚಿತ್ರ ಎಲ್ಲ ತಂದೆ. ಕುರ್ಲಿ (ಏಡಿ), ಬಳಚು, ಶೆಟ್ಲಿ (ಸಿಗಡಿ), ಬಂಗಡೆ ಮೀನಿನ ಸಾಲು, ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರುಗಳ ನಡುವೆ ಕೊಕ್ಕರೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತ ಕಗ್ಗ ಭತ್ತ. ಮೇಲೆ ದೋಣಿ, ಯಕ್ಷಗಾನದ ವೇಷ ಒಂದು, ಗರುಡ. ಕೆಳಗಿನ ಒಂದೂವರೆ ಅಡಿ ಖಾಲಿ ಬಿಟ್ಟೆ. ಅಲ್ಲಿ ಮಳೆಯ ಎರಚಲು ಬಡಿಯುತ್ತದೆ, ಮೇ ತಿಂಗಳಲ್ಲಿ ವರ್ಷಕ್ಕೊಮ್ಮೆ ತೆಳು ಸುಣ್ಣ ಬಳಿದರೆ ಸಾಕು. ತಾಯಂದಿರೇ ಬಳಿಯುತ್ತಾರೆ, ಅರ್ಧ ದಿನದ ಕೆಲಸ.

ಬಣ್ಣ ಬೇಕು ಅಂದವರಿಗಾಗಿ ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ಅರಿಶಿನ ಹಾಕಿದರೆ ಸುಣ್ಣಕ್ಕೆ ಕೆಂಪಾಗುತ್ತದೆ ಅಂತ ಓಕುಳಿ ಕದಡಿದ ಎಲ್ಲರಿಗೂ ಗೊತ್ತು. ಆ ಕೆಂಪು ಗೋಡೆಯಲ್ಲಿ ಹೇಗೆ ನಿಲ್ಲುತ್ತದೆ ನೋಡೋಣ ಅಂತ ಬಚ್ಚಲ ಗೋಡೆಯಲ್ಲಿ ಒಂದು ಹೂ ಬರೆದೆ, ಹದಿನೈದು ದಿನಕ್ಕೆ ಬಿಸಿಲು ಪೂರ್ತಿ ತಿಂದುಹಾಕಿತು. ಸೊಪ್ಪಿನ ಹಸಿರೂ ಹಾಗೇ. ಪೇವಡಿಯ ಹಳದಿ, ಬಟ್ಟೆಗೆ ಹಾಕುವ ನೀಲಿ, ಇದ್ದಿಲ ಕಪ್ಪು ಇವು ಮೂರು ಸುಣ್ಣದ ಜೊತೆ ಹೊಂದಿಕೊಂಡವು. ನೀಲಿಯಲ್ಲಿ ಮೋಸ ಇದೆ, ಕೆಲವು ನೀಲಿ ಸುಣ್ಣ ತಾಗಿದೊಡನೆ ಕಂದಾಗುತ್ತವೆ. ಸಂಜೆ ಲೋಟದಲ್ಲಿ ಸುಣ್ಣದ ತಿಳಿಗೆ ಚಿಟಿಕೆ ಹಾಕಿಟ್ಟು ಬೆಳಿಗ್ಗೆ ನೋಡಿ, ಬಣ್ಣ ತಿರುಗದಿದ್ದರೆ ಮಾತ್ರ ಗೋಡೆಗೆ. ಇನ್ನೊಂದು, ಕೆನೆ ತೆಗೆದ ಹಾಲಿನ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದು, ಆ ಗಟ್ಟಿಯ ಐದು ಪಾಲಿಗೆ ಒಂದು ಪಾಲು ತಿಳಿಸುಣ್ಣದ ಗಟ್ಟಿ ಹಾಕಿ ಅರೆದೆ. ಕೈಯಲ್ಲೇ ಅಂಟಾಗಿ ಬಿಟ್ಟಿತು. ಅದಕ್ಕೆ ಪೇವಡಿ ಸೇರಿಸಿ ಒಳಕೋಣೆಯ ಒಣ ಗೋಡೆಗೆ ಸೂರ್ಯಕಾಂತಿ ಬರೆದದ್ದು ಇವತ್ತಿಗೂ ಇದೆ. ಆದರೆ ಒಂದೇ ದಿನಕ್ಕೆ ಆಗುವಷ್ಟು ಮಾತ್ರ ಕಲಸಿ, ಮಾರನೆ ದಿನ ನಾರುತ್ತದೆ. ಜಗಲಿಯಲ್ಲಿ ಅದು ಬೂಸಲು ಹಿಡಿಯಿತು. ಕೊನೆಗೆ ಜಗಲಿಗೆ ಕೆಂಪು ಬಿಳುಪೇ ಸರಿ ಎಂದು ಗಟ್ಟಿ ಮಾಡಿದೆ.

ಕೆತ್ತಿದ ಮೇಲೆ ಹೊಳೆಯ ಉರುಟು ಕಲ್ಲಿನಿಂದ ಕೆಂಪನ್ನು ಉಜ್ಜಬೇಕು. ಇದು ರಟ್ಟೆ ಬೀಳುವ ಕೆಲಸ, ಆದರೆ ಅಂಗಿಗೆ ಬಣ್ಣ ಹತ್ತದಿರುವುದು ಇದರಿಂದಲೇ. ಉಜ್ಜುವ ಮುನ್ನ ನಾನು ಒಂದು ನೀರು ಹಚ್ಚುತ್ತೇನೆ. ಯಾವ ಕಾಯಿಯ ನೀರು ಎಂಬುದನ್ನು ನನ್ನ ಜೊತೆ ಕೆಲಸಕ್ಕೆ ಬಂದವರಿಗೆ ಹೇಳಿಕೊಡುತ್ತೇನೆ. ಆಮೇಲೆ ಹಸಿ ಗೋಣಿ ತೂಗುಹಾಕಿ ದಿನಕ್ಕೆ ಮೂರು ಹೊತ್ತು ನೀರು ಚಿಮುಕಿಸುತ್ತ ನಾಲ್ಕು ದಿನ. ಆ ಕೆಲಸಕ್ಕೆ ಬೆಳಿಗ್ಗೆ ಆರಕ್ಕೇ ಹೋಗುತ್ತಿದ್ದೆ.

ಲೆಕ್ಕ ಹೇಳಿಬಿಡುತ್ತೇನೆ. ಸುಣ್ಣ 2,500, ಮರಳು ಗಾಡಿ ಬಾಡಿಗೆ ಸೇರಿ 1,800, ಬೆಲ್ಲ, ಹುರಮಂಜು, ಗೋಣಿ, ಚಿಲ್ಲರೆ ಎಲ್ಲ 2,500ರ ಹತ್ತಿರ. ಗೌಂಡಿ ಎಂಟು ದಿನ, ದಿನಕ್ಕೆ 900. ಕೈಯಾಳು ಹತ್ತು ದಿನ, 600. ಒಟ್ಟು 20,000. ಬಂದದ್ದು 15,000. ಐದು ಸಾವಿರ ಕೈಯಿಂದ ಹೋಯಿತು, ನನ್ನ ಇಪ್ಪತ್ತನಾಲ್ಕು ದಿನದ ಕೂಲಿ ಬೇರೆ. ಮನೆಯಲ್ಲಿ ಮಾತು ಕೇಳಬೇಕಾಯಿತು. ಆದರೆ ಆಮೇಲೆ ಎರಡು ಅಂಗನವಾಡಿ, ಒಂದು ಮನೆಯ ಜಗಲಿ ಬಂದವು. ಎಮಲ್ಷನ್ನಿಗೆ ಚದರಡಿಗೆ 100 ಸಿಕ್ಕಿದರೆ ದೊಡ್ಡದು. ಕಾವಿಗೆ ಮನೆಯವರಿಂದ 350 ತೆಗೆದುಕೊಳ್ಳುತ್ತೇನೆ, ಅಂಗನವಾಡಿಗಾದರೆ 200, ಅದರಲ್ಲಿ ಸಾಮಾನು ಕೂಲಿ ಕಳೆದರೆ ಕೈಗೆ ಉಳಿಯುವುದು ಸ್ವಲ್ಪವೇ. ಮೂರು ವರ್ಷಕ್ಕೊಮ್ಮೆ ಎಮಲ್ಷನ್ ಸುಲಿದು ಬಳಿಯುವ ಲೆಕ್ಕ ಹಾಕಿದರೆ ಊರಿನವರಿಗೆ ಇದೇ ಅಗ್ಗ. ಪಂಚಾಯಿತಿಗಳು ವರ್ಷಕ್ಕೊಂದು ಬಿಲ್ಲಿನ ದೃಷ್ಟಿಯಲ್ಲಿ ನೋಡುವುದನ್ನು ಬಿಟ್ಟರೆ ಇದು ಅರ್ಥವಾಗುತ್ತದೆ.

ನಿಜವಾದ ಪರೀಕ್ಷೆ ಆದದ್ದು 2024ರ ಜುಲೈಯಲ್ಲಿ. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದ ಆ ವಾರ ಮಳೆ ನಿಂತದ್ದೇ ಇಲ್ಲ, ಯಾರಿಗೂ ಗೋಡೆಯ ಯೋಚನೆ ಇರಲಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಹೋದೆ. ಗೋಡೆ ಕಪ್ಪಗಾಗುವಷ್ಟು ನೆನೆದಿತ್ತು, ಕೆಂಪು ರಕ್ತದ ಹಾಗೆ ಗಾಢವಾಗಿ ಕಾಣುತ್ತಿತ್ತು. ಉಗುರಿನಿಂದ ಕೆರೆದು ನೋಡಿದೆ, ಬರಲಿಲ್ಲ. ಸೆಪ್ಟೆಂಬರಿನ ಬಿಸಿಲಿಗೆ ಒಳಗಿನ ನೀರನ್ನೆಲ್ಲ ಹೊರಗೆ ಬಿಟ್ಟು ಮತ್ತೆ ಮೊದಲಿನ ಬಣ್ಣಕ್ಕೆ ಬಂತು.

ನಾನು ಯೋಜಿಸದೇ ಬಂದ ಲಾಭ ಒಂದಿದೆ. ಕೆತ್ತಿದ ಗೆರೆ ಎರಡು ಮಿಲಿಮೀಟರು ಆಳ ಇರುವುದರಿಂದ ಮಕ್ಕಳ ಬೆರಳು ಅದರೊಳಗೆ ಕೂರುತ್ತದೆ. ಒಬ್ಬಳು ಪುಟ್ಟ ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಮೊದಲು ದಿನವೂ ಕುರ್ಲಿಯ ಬಲ ಕೊಂಡಿಯಿಂದ ಶುರು ಮಾಡಿ, ಬೆನ್ನು ಸುತ್ತಿ, ಕಾಲು ಒಂದೊಂದೇ ಇಳಿದು ಹತ್ತಿ, ಎಡ ಕೊಂಡಿಯ ತುದಿಯವರೆಗೆ ಬೆರಳೆಳೆದೇ ಹೋಗುತ್ತಿದ್ದಳು. ಎಲ್ಲೂ ಬೆರಳೆತ್ತುವುದಿಲ್ಲ, ಎತ್ತಿದರೆ ಮತ್ತೆ ಮೊದಲಿಂದ. ಟೀಚರ್ ಅದನ್ನು ಗಮನಿಸಿ, ಅಕ್ಷರ ಕೆತ್ತಿಕೊಡಿ ಎಂದರು. ಮರುವರ್ಷ ಬಾಗಿಲ ಪಕ್ಕ ಎರಡಡಿ ಎತ್ತರದಲ್ಲಿ ಅ, ಆ, ಇ, ಈ ಅಂತ ಹದಿನೈದು ಅಕ್ಷರ ಅಂಗೈ ಅಗಲಕ್ಕೆ ಕೆತ್ತಿದೆ. ಬರೆಯುವ ದಾರಿಯಲ್ಲೇ ಬೆರಳು ಹೋಗುವ ಹಾಗೆ ಶುರುವಾಗುವ ಕಡೆ ಗುಂಡಿ ಆಳ, ಮುಗಿಯುವ ಕಡೆ ತೆಳು. ‘ಅ’ದ ಸುಳಿ ಈಗ ಕನ್ನಡಿಯ ಹಾಗೆ ನುಣುಪಾಗಿದೆ, ನನ್ನ ಹೊಳೆಕಲ್ಲು ಅಷ್ಟು ನುಣುಪು ಮಾಡಿರಲಿಲ್ಲ.

ಈ ಸಲ ಅಳಿವೆಯ ಆಚೆ ದಡದ ಒಂದು ಅಂಗನವಾಡಿ ಇದೆ, ಗೋಡೆ 22 ಅಡಿ. ಹಳೆಯ ಬಣ್ಣ ಕೆತ್ತಿ ಆಗಿದೆ, ದೀಪಾವಳಿ ಮುಗಿದ ಸೋಮವಾರ ತಳದ ಗಾರೆ. ಸುಣ್ಣ ಕೊಳೆಹಾಕಿ ಇವತ್ತಿಗೆ ಒಂಬತ್ತು ದಿನ.